ಬಾಯ್ಕಾಟು: ಯಾರು, ಯಾರಿಗೆ?

ಪರೀಕ್ಷೆಗೆ ಬಾಯ್ಕಾಟು, ಚುನಾವಣೆಗೆ ಬಾಯ್ಕಾಟು ಅಂತ ನಾವು ಗೋಡೆ ಮೇಲೆ ಬರೀತೀವಲ್ಲ, ಆ ಪದ ಒಬ್ಬ ಮನುಷ್ಯನ ಹೆಸರು. ಐರ್ಲೆಂಡಿನ ಮೇಯೊ ಸೀಮೆಯಲ್ಲಿ ಜಮೀನ್ದಾರ ಅರ್ನ್ ಪ್ರಭುವಿನ ಏಜೆಂಟ್ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. 1880ರಲ್ಲಿ ಗೇಣಿದಾರರು ಗೇಣಿಯನ್ನು ನೂರಕ್ಕೆ 25 ಇಳಿಸಿ ಅಂದರು. ಆತ ಒಕ್ಕಲೆಬ್ಬಿಸಲು ನೋಟೀಸು ಕಳಿಸಿದ. ಲ್ಯಾಂಡ್ ಲೀಗಿನ ಕರೆಯಂತೆ ಕೂಲಿಯವರು ಹೊಲಕ್ಕಿಳಿಯಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಬೇರೆ ಸೀಮೆಯಿಂದ 50 ಜನರನ್ನು ಸೈನಿಕರ ಕಾವಲಲ್ಲಿ ಕರೆಸಿ ಬೆಳೆ ಕಿತ್ತರು. ಡಿಸೆಂಬರಿನಲ್ಲಿ ಬಾಯ್ಕಾಟ್ ಐರ್ಲೆಂಡನ್ನೇ ಬಿಟ್ಟ. ಹೆಸರು ಬಡವರ ಕೈಯ ಆಯುಧವಾಗಿ ಉಳಿಯಿತು.

1905ರಲ್ಲಿ ಬಂಗಾಳದ ವಿಭಜನೆಯಾದಾಗ ಆ ಪದಕ್ಕೆ ವಿಲಾಯಿತಿ ಬಟ್ಟೆ ಮುಟ್ಟಬೇಡಿ ಅನ್ನೋ ಅರ್ಥ ಬಂತು. ಮುಟ್ಟಬೇಡಿ ಅನ್ನೋದು ನಮಗೆ ಹೊಸದೇ? ಪದ ಹಡಗು ಹತ್ತೋ ಮೊದಲೇ ಇಲ್ಲಿ ಬಹಿಷ್ಕಾರ ಇತ್ತು. ಹಿಡಿದ ಕೈ ಮಾತ್ರ ಬೇರೆ. 1927ರ ಮಾರ್ಚಿನಲ್ಲಿ ಮಹಾಡಿನ ಕೆರೆಯ ನೀರು ಮುಟ್ಟಿದ ಬಾಬಾಸಾಹೇಬರು ಮರುತಿಂಗಳೇ ಶುರುಮಾಡಿದ ಪತ್ರಿಕೆಗೆ 'ಬಹಿಷ್ಕೃತ ಭಾರತ' ಎಂದು ಹೆಸರಿಟ್ಟರು. ಅಲ್ಲಿ ಒಕ್ಕಲೆಬ್ಬಿಸಿದವನಿಗೆ ಅಂಗಡಿ ಮುಚ್ಚಿತು. ಇಲ್ಲಿ ಹಕ್ಕು ಕೇಳಿದ ಕೇರಿಗೆ ಅಂಗಡಿ, ಕೂಲಿ, ಹಿಟ್ಟಿನ ಗಿರಣಿ, ನೀರು ಎಲ್ಲಾ ಬಂದ್. ಬಾಯ್ಕಾಟನಿಗೆ ಹೋಗೋಕೆ ಇಂಗ್ಲೆಂಡಿತ್ತು. ಕೇರಿ ಎಲ್ಲಿಗೆ ಹೋಗಬೇಕು?

1989ರ ದೌರ್ಜನ್ಯ ತಡೆ ಕಾಯ್ದೆಯೊಳಗೆ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಅಪರಾಧವೆಂದು ಹೆಸರಿಟ್ಟು ಬರೆಯೋದಕ್ಕೆ 2015ರ ತಿದ್ದುಪಡಿ ಬರಬೇಕಾಯ್ತು. ಮೇಷ್ಟ್ರೇ, ಮಕ್ಕಳಿಗೆ ಈ ಪದದ ಅರ್ಥ ಬರೆಸುವಾಗ ಡಿಕ್ಷನರಿ ಮುಚ್ಚಿ ಎರಡು ಪ್ರಶ್ನೆ ಕೇಳಿ: ಯಾರು ಹಾಕಿದ್ದು? ಯಾರಿಗೆ ಹಾಕಿದ್ದು?