ಹವಾನಿಯಂತ್ರಣ

ಕೋಣೆ, ಕಟ್ಟಡ ಇಲ್ಲವೆ ವಾಹನದ ಒಳಗಿನ ಗಾಳಿಯ ಉಷ್ಣತೆ, ತೇವಾಂಶ, ಶುದ್ಧತೆ, ಚಲನೆ ಈ ನಾಲ್ಕನ್ನೂ ಬೇಕಾದ ಹದದಲ್ಲಿ ಇರಿಸುವ ತಂತ್ರಕ್ಕೆ ಹವಾನಿಯಂತ್ರಣ ಎಂದು ಹೆಸರು. ಬಳಕೆಯ ಮಾತಿನಲ್ಲಿ ಅದು ಬರೀ ‘ಎ.ಸಿ.’, ಆ ಎರಡಕ್ಷರಕ್ಕೆ ತಂಪು ಎಂಬ ಒಂದೇ ಅರ್ಥ ಅಂಟಿಕೊಂಡುಬಿಟ್ಟಿದೆ. ಆದರೆ ಇಂದಿನ ಹವಾನಿಯಂತ್ರಣ ಹುಟ್ಟಿದ್ದು ಸೆಕೆ ನೀಗಲಿಕ್ಕಲ್ಲ, ಗಾಳಿಯ ತೇವವನ್ನು ಹತೋಟಿಗೆ ತರಲಿಕ್ಕೆ. ತಂಪು ಮಾಡುವ ವಿಧಾನಗಳಲ್ಲಿ ಯಾವುದು ಎಲ್ಲಿ ನಡೆಯುತ್ತದೆ, ಯಾವುದು ಎಲ್ಲಿ ದಂಡ ಎಂಬುದನ್ನು ಈಗಲೂ ಬಹುಮಟ್ಟಿಗೆ ತೇವವೇ ತೀರ್ಮಾನಿಸುತ್ತದೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯವಿತ್ತು. ಬಣ್ಣದ ಚಿತ್ರ ಅಚ್ಚಾಗಬೇಕಾದರೆ ಒಂದೊಂದು ಬಣ್ಣಕ್ಕೂ ಕಾಗದ ಮತ್ತೆ ಮತ್ತೆ ಯಂತ್ರದೊಳಗೆ ಹೋಗಿಬರಬೇಕು. ಈ ನಡುವೆ ತೇವಕ್ಕೆ ಕಾಗದ ಹಿಗ್ಗುತ್ತಿತ್ತು, ಒಣಹವೆಗೆ ಕುಗ್ಗುತ್ತಿತ್ತು. ಎರಡನೆಯ ಬಣ್ಣ ಮೊದಲಿನದರ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. 1902ರಲ್ಲಿ ಇದಕ್ಕೆ ಉಪಾಯ ಹುಡುಕಿದವನು ಬಫಲೊ ಫೋರ್ಜ್ ಕಂಪನಿಯ 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್. ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಅದರೊಳಗಿನ ಹೆಚ್ಚಿನ ತೇವ ಹನಿಗಟ್ಟಿ ಇಳಿಯುತ್ತದೆ. ಕೊಳವೆಯ ತಂಪನ್ನು ಹೊಂದಿಸಿಕೊಂಡರೆ ಉಳಿಯುವ ತೇವವೂ ಹೊಂದುತ್ತದೆ. ಕೆಲಸದವರಿಗೆ ತಂಪಾದದ್ದು ಅದರ ಜೊತೆಗೆ ಬಂದ ಲಾಭ. ಇಂಗ್ಲಿಷಿನ ‘ಏರ್ ಕಂಡೀಷನಿಂಗ್’ ಎಂಬ ಹೆಸರು ಕೂಡ ಗಿರಣಿಯಿಂದಲೇ ಬಂತು: ನೂಲು ತುಂಡಾಗದಂತೆ ಗಾಳಿಗೆ ತೇವ ಸೇರಿಸುವ ಕೆಲಸಕ್ಕೆ 1906ರಲ್ಲಿ ಸ್ಟುವರ್ಟ್ ಕ್ರೇಮರ್ ಎಂಬ ಗಿರಣಿ ಎಂಜಿನಿಯರ್ ಇಟ್ಟ ಹೆಸರದು. ಒಬ್ಬ ತೇವ ತೆಗೆದ, ಇನ್ನೊಬ್ಬ ತೇವ ಸೇರಿಸಿದ. ಜನಸಾಮಾನ್ಯರು ತಂಪಿಗಾಗಿ ದುಡ್ಡು ಕೊಟ್ಟು ಒಳಗೆ ಹೋಗುವ ಕಾಲ ಬಂದದ್ದು ಆಮೇಲೆ. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಕ್ಯಾರಿಯರ್‌ನ ಯಂತ್ರ ಬಂದ ಮೇಲೆ ಬೇಸಿಗೆಯಲ್ಲೂ ಸಿನಿಮಾಕ್ಕೆ ಜನ ಸೇರಿದರು.

ಇವತ್ತು ಹೆಚ್ಚು ಬಳಕೆಯಲ್ಲಿರುವುದು ಆವಿ ಸಂಪೀಡನ ವಿಧಾನ. ಕಿಟಕಿಯ ಎ.ಸಿ., ಸ್ಪ್ಲಿಟ್ ಎ.ಸಿ., ಕಾರಿನ ಎ.ಸಿ., ಮನೆಯ ಫ್ರಿಜ್ ಎಲ್ಲದರ ಹೊಟ್ಟೆಯೊಳಗೂ ಇದೇ ನಡೆಯುತ್ತದೆ. ಇಲ್ಲಿ ತಂಪನ್ನು ಯಾರೂ ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತಾರೆ, ಅಷ್ಟೆ. ಹೊರುವ ಆಳು ಶೀತಕ, ಮೆಕ್ಯಾನಿಕ್‌ಗಳ ಬಾಯಲ್ಲಿ ‘ಗ್ಯಾಸ್’. ಈಗಿನ ಮನೆ ಎ.ಸಿ.ಗಳಲ್ಲಿ ಸಾಮಾನ್ಯವಾಗಿರುವ ಆರ್-32 ಎಂಬ ಶೀತಕ ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಕೋಣೆಯೊಳಗಿನ ಸುರುಳಿಯಲ್ಲಿ ಕಡಿಮೆ ಒತ್ತಡದಲ್ಲಿ ಅದು ಆವಿಯಾಗುವಾಗ ಬೇಕಾದ ಶಾಖವನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತುತ್ತದೆ, ಅದು ಹೊರಗಿನ ಹವೆಗಿಂತಲೂ ಬಿಸಿಯಾಗುತ್ತದೆ, ಹೊರಗಿನ ಸುರುಳಿಯಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಕಿರಿದಾದ ದಾರಿಯಲ್ಲಿ ಹಾಯ್ದು ಒತ್ತಡ ಕಳೆದುಕೊಂಡು ಮತ್ತೆ ಒಳಗೆ ಬರುತ್ತದೆ. ಇದು ಮುಚ್ಚಿದ ಸುತ್ತು. ಆದ್ದರಿಂದ ‘ಗ್ಯಾಸ್ ಮುಗಿದಿದೆ, ತುಂಬಿಸಬೇಕು’ ಎಂಬ ಮಾತಿಗೆ ಅರ್ಥವಿಲ್ಲ. ಗ್ಯಾಸ್ ತಾನಾಗಿ ಸವೆಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ, ಅದನ್ನು ಮುಚ್ಚದೆ ತುಂಬಿಸಿದ್ದು ತೂತು ಕೊಡಕ್ಕೆ ನೀರು ಹೊತ್ತಂತೆ.

‘ಒಂದೂವರೆ ಟನ್ ಎ.ಸಿ.’ ಎಂದರೆ ಯಂತ್ರದ ತೂಕವಲ್ಲ. ಇದು ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದ ಅಳತೆ. ಸುಮಾರು 907 ಕಿಲೊಗ್ರಾಂ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ದರ ಒಂದು ಟನ್, ಅಂದರೆ ಸುಮಾರು 3.5 ಕಿಲೊವಾಟ್. ಭಾರತದಲ್ಲೂ ಮಂಜುಗಡ್ಡೆಯ ಕಾಲವಿತ್ತು: 1934ರಲ್ಲಿ ಫ್ರಂಟಿಯರ್ ಮೇಲ್ ರೈಲಿಗೆ ತಂಪು ಬಂದದ್ದು ಬೋಗಿಯ ಕೆಳಗೆ ಇಟ್ಟ ಮಂಜುಗಡ್ಡೆಯ ದಿಮ್ಮಿಗಳಿಂದ.

ಎ.ಸಿ.ಯ ನಿಜವಾದ ದುಡಿಮೆ ಕಾಣಬೇಕಾದರೆ ಹೊರಗಿನ ಪೈಪಿನ ತುದಿಗೆ ಒಂದು ಬಕೆಟ್ ಇಡಬೇಕು. ಮಂಗಳೂರಿನ ಮೇ ತಿಂಗಳಲ್ಲಿ ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಒಂದೆರಡು ಲೀಟರ್ ನೀರು ತೊಟ್ಟಿಕ್ಕಿಸುವುದುಂಟು. ಕೋಣೆಯ ಗಾಳಿಯಲ್ಲಿ ಕಣ್ಣಿಗೆ ಕಾಣದೆ ತೇಲುತ್ತಿದ್ದ ನೀರು ಅದು. ಒಂದು ಲೀಟರ್ ನೀರು ಆವಿಯಿಂದ ದ್ರವಕ್ಕೆ ತಿರುಗುವಾಗ ಸುಮಾರು 2,400 ಕಿಲೊಜೌಲ್ ಗುಪ್ತೋಷ್ಣ ಬಿಡುತ್ತದೆ. ಅಷ್ಟೇ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ಬೇಕಾದ ಶಾಖದ ಏಳು ಪಟ್ಟಿಗಿಂತಲೂ ಹೆಚ್ಚು. ಈ ಶಾಖವನ್ನೂ ಯಂತ್ರವೇ ಹೊರಗೆ ಹೊರಬೇಕು. ಕರಾವಳಿಯಲ್ಲಿ ಎ.ಸಿ.ಯ ಶಕ್ತಿಯ ಒಂದು ದೊಡ್ಡ ಪಾಲು ಹೋಗುವುದು ತಂಪಿಗಲ್ಲ, ಒಣಗಿಸಲಿಕ್ಕೆ.

ಇದನ್ನೇ ತಿರುಗಿಸಿದರೆ ಎರಡನೆಯ ವಿಧಾನ: ಬಾಷ್ಪೀಭವನದ ತಂಪು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು, ಬೆವರು ಆರಿದಾಗ ಮೈ ಹಗುರಾಗುವುದು, ಬಾಗಿಲಿಗೆ ಕಟ್ಟಿದ ಲಾವಂಚದ ತಡಿಕೆಗೆ ನೀರು ಚಿಮುಕಿಸಿದರೆ ಒಳಗೆ ಘಮ್ಮೆಂದು ತಂಗಾಳಿ ಬರುವುದು ಎಲ್ಲಕ್ಕೂ ಒಂದೇ ಕಾರಣ. ವಿಜಯಪುರದ ಹತ್ತಿರ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಕಟ್ಟಿಸಿದ ಬೇಸಿಗೆಯ ಮಂಟಪದಲ್ಲಿ ಕೊಳದ ನಡುವೆ ಕಾರಂಜಿ ಚಿಮ್ಮಿಸಲು ಮಾಡಿದ ಏರ್ಪಾಡು ಈಗಲೂ ಕಾಣಸಿಗುತ್ತದೆ. ಇಂದಿನ ಕೂಲರ್ ಇದರ ವಂಶದ್ದೇ: ಒಂದು ಫ್ಯಾನು, ಒಂದು ಪುಟ್ಟ ಪಂಪು, ನೀರು ಹೀರುವ ಪ್ಯಾಡು.

ಕೂಲರ್ ಗಾಳಿಯನ್ನು ಎಷ್ಟು ತಂಪು ಮಾಡಬಲ್ಲದು ಎಂಬುದಕ್ಕೆ ಮಿತಿ ಇದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಅಂಕಿಯೇ ಆ ಮಿತಿ. ರಾಯಚೂರಿನಲ್ಲಿ 40 ಡಿಗ್ರಿ ಬಿಸಿಲು, ಸಾಪೇಕ್ಷ ಆರ್ದ್ರತೆ ಶೇ. 20 ಇದ್ದರೆ ಆ ಅಂಕಿ ಸುಮಾರು 23. ಒಳ್ಳೆಯ ಕೂಲರ್ 27ರ ಹತ್ತಿರ ಗಾಳಿ ಕೊಡುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ, ಆರ್ದ್ರತೆ ಶೇ. 75 ಇದ್ದರೆ ಅದು 29ರ ಆಸುಪಾಸು. ಕೂಲರ್ ಹಚ್ಚಿದರೆ ಮೂರು ಡಿಗ್ರಿ ಇಳಿದು ಅಂಟಂಟು ಇನ್ನಷ್ಟು ಹೆಚ್ಚುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಬೇಸಿಗೆ ಬಂತೆಂದರೆ ಅಂಗಡಿಯ ಮುಂದೆ ಕೂಲರ್‌ಗಳು ಸಾಲುಗಟ್ಟುವುದೂ ಕರಾವಳಿಯಲ್ಲಿ ಅದನ್ನು ಕೇಳುವವರು ಕಡಿಮೆ ಇರುವುದೂ ಇದರಿಂದಲೇ. ರಾಯಚೂರಿನಲ್ಲೂ ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಅರ್ಧ ಗಂಟೆಯಲ್ಲಿ ಕೋಣೆ ಮಂಗಳೂರಾಗುತ್ತದೆ. ತೇವದ ಗಾಳಿ ಹೊರಹೋಗಲು ಒಂದು ಕಿಟಕಿ ತೆರೆದಿರಬೇಕು.

ಉಳಿದ ವಿಧಾನಗಳಲ್ಲಿ ಹೀರಿಕೆಯ ಪದ್ಧತಿ ಮುಖ್ಯ. ಅದರಲ್ಲಿ ಕಂಪ್ರೆಸರ್ ಬದಲು ಶಾಖವೇ ಕೆಲಸ ಮಾಡುತ್ತದೆ. ನೀರು ಮತ್ತು ಲಿಥಿಯಂ ಬ್ರೋಮೈಡ್ ಜೋಡಿ ಬಳಸುವ ಇಂಥ ಯಂತ್ರಗಳು ಹಬೆ ಪುಕ್ಕಟೆ ಸಿಗುವ ಕಾರ್ಖಾನೆಗಳಿಗೆ ಒಪ್ಪುತ್ತವೆ. ದೊಡ್ಡ ಕಟ್ಟಡಗಳಲ್ಲಿ ಚಿಲ್ಲರ್ ಯಂತ್ರ ನೀರನ್ನು ತಣ್ಣಗೆ ಮಾಡಿ ಕೊಳವೆಗಳಲ್ಲಿ ಮಹಡಿ ಮಹಡಿಗೆ ಕಳಿಸುತ್ತದೆ. ಅದೇ ತಣ್ಣೀರನ್ನು ಕಾಂಕ್ರೀಟಿನ ಚಾವಣಿಯೊಳಗೆ ಹರಿಸುವ ಕ್ರಮವನ್ನು ಇನ್ಫೋಸಿಸ್ ಹೈದರಾಬಾದಿನ ತನ್ನ ಪೋಚಾರಂ ಆವರಣದಲ್ಲಿ ಅಳವಡಿಸಿದೆ. ಅಲ್ಲೂ ಒಳಬಿಡುವ ಗಾಳಿಯನ್ನು ಮೊದಲು ಒಣಗಿಸಲೇಬೇಕು, ಇಲ್ಲದಿದ್ದರೆ ಚಾವಣಿಯೇ ಬೆವರುತ್ತದೆ.

ಶೀತಕಗಳ ಚರಿತ್ರೆ ಒಂದು ತಪ್ಪಿನಿಂದ ಇನ್ನೊಂದಕ್ಕೆ ಹೊರಳಿದ ಕಥೆ. ಅಮೋನಿಯಾ ವಿಷ ಎಂದು 1930ರ ಹೊತ್ತಿಗೆ ಫ್ರಿಯಾನ್ ತಂದರು. ಅದರ ಕ್ಲೋರಿನ್ ಓಜೋನ್ ಪದರವನ್ನು ತಿಂದಿತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬಂದ ಕ್ಲೋರಿನ್ ಇಲ್ಲದ ಶೀತಕಗಳು ಓಜೋನಿಗೆ ನಿರುಪದ್ರವಿ, ಆದರೆ ಸೋರಿದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ನೂರಾರು, ಕೆಲವು ಸಾವಿರಾರು ಪಟ್ಟು ಬಲಶಾಲಿ. ಅವನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ವಿದ್ಯುತ್ ಉಳಿಸಲೆಂದು ಮನೆ ಎ.ಸಿ.ಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ.

ಉಪಯೋಗಗಳಲ್ಲಿ ಮನೆ, ಕಚೇರಿ, ವಾಹನಗಳು ಎಲ್ಲರಿಗೂ ಗೊತ್ತಿರುವಂಥವು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಸೋಸಿದ ಗಾಳಿಯನ್ನು ಒಳಗೆ ತುಂಬಿ ಒತ್ತಡವನ್ನು ಹೊರಗಿಗಿಂತ ಹೆಚ್ಚಿಡುತ್ತಾರೆ, ಬಾಗಿಲು ತೆರೆದರೆ ಗಾಳಿ ಹೊರಗೇ ನುಗ್ಗಲಿ ಎಂದು. ಕ್ಷಯರೋಗಿಯನ್ನು ಪ್ರತ್ಯೇಕವಾಗಿಡುವ ಕೊಠಡಿಯಲ್ಲಿ ಇದಕ್ಕೆ ತದ್ವಿರುದ್ಧ. ದತ್ತಾಂಶ ಕೇಂದ್ರಗಳಿಗೆ ಹಗಲು ರಾತ್ರಿ ತಂಪು ಬೇಕು.

ಹದ ಎಂಬ ಮಾತಿನ ಅರ್ಥ ಪೂರ್ತಿ ತಿಳಿಯುವುದು ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಉಷ್ಣತೆ, ಶೇ. 80ಕ್ಕೂ ಮೇಲೆ ತೇವ ಬೇಕು, ಸೊಪ್ಪು ಬಾಡಬಾರದು. ದೊಡ್ಡ ಹುಳುವಿಗೆ ಎರಡೂ ಇಳಿಯಬೇಕು: 24ರಿಂದ 26 ಡಿಗ್ರಿ, ಶೇ. 70ರ ಸುಮಾರಿನ ತೇವ. ಒಂದೇ ಬೆಳೆ, ತಿಂಗಳೊಳಗೆ ಎರಡು ಹವೆ. ಸಣ್ಣ ರೈತರು ಇದನ್ನು ಒದ್ದೆ ಗೋಣಿತಟ್ಟು, ಕೂಲರ್, ಹೀಟರ್, ತೆರೆದು ಮುಚ್ಚುವ ಕಿಟಕಿಗಳಿಂದಲೇ ಸಂಭಾಳಿಸುತ್ತಾರೆ. ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಏರಿದ ಮೇಲೆ ಗೋಣಿತಟ್ಟು ತೆಗೆದು ಗಾಳಿ ಆಡಲು ಬಿಡಬೇಕು. ಆ ಎರಡು ಮೂರು ದಿನ ತೇವ ಮಿಕ್ಕರೆ ಗೂಡು ನೋಡಲು ಚೆನ್ನಾಗಿಯೇ ಕಂಡರೂ ನೂಲು ಬಿಚ್ಚುವಾಗ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ.