ಮುತ್ತಜ್ಜ ತೀರಿಕೊಂಡಿದ್ದು ಯಾವತ್ತು? (ಭಾಗ 4)

ಮನೆಯಲ್ಲಿ ಕೇಳಿ ನೋಡಿ. ಇಸವಿ ಯಾರೂ ಹೇಳಲ್ಲ, ತಿಥಿ ಹೇಳ್ತಾರೆ. ಅದನ್ನೇ ಬರ್ಕೊಳ್ಳಿ. 'ಕಾಳಯುಕ್ತಿ ಸಂವತ್ಸರ, ಆಶ್ವಯುಜ ಬಹುಳ' ಅಂತ ಅಜ್ಜಿ ಅಂದ್ರು ಅನ್ಕೊಳ್ಳಿ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಹಾಗಾಗಿ ಅದು 1918, ಇಲ್ಲವೇ 1978. ಅಜ್ಜಿ ಆಗಿನ್ನೂ ಹುಟ್ಟಿರಲಿಲ್ಲ ಅಂದ್ರೆ 1918ರ ಅಕ್ಟೋಬರ್ ಕೊನೆ. ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ಹಿಂಡುತ್ತಿದ್ದ ದಿನಗಳು! ಸಾವಿನ ಕಾರಣವೂ ಅಲ್ಲೇ ಇರಬಹುದು.

ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೂ ಹಿಂದಿನ ಸಾವಿಗೆ ಸಮಾಧಿ ಕಲ್ಲು, ಚರ್ಚಿನ ರಿಜಿಸ್ಟರ್, ಹಳೇ ಪತ್ರಿಕೆಯ ನಿಧನ ವಾರ್ತೆ ಎಲ್ಲಾ ನೋಡಬೇಕು. (ಪತ್ರಿಕೆಯಲ್ಲಿ ಬರ್ತಿದ್ದವರು ಹೆಚ್ಚಾಗಿ ಹೆಸರುವಾಸಿಗಳು. ಹೊಲ ಉತ್ತವರು ಅಪರೂಪ.)

ಎಷ್ಟೋ ಪಹಣಿಗಳಲ್ಲಿ ಇವತ್ತಿಗೂ ತೀರಿಹೋದವರ ಹೆಸರೇ ಇದೆ. ಪೌತಿ ಖಾತೆಗೆ ಹೋದ್ರೆ ಮರಣ ಪ್ರಮಾಣಪತ್ರ ಕೇಳ್ತಾರೆ. ಸತ್ತು ವರ್ಷ ದಾಟಿದ್ದರೆ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅರ್ಜಿಯಲ್ಲಿ ತಾರೀಖು ಅಂತ ಒಂದು ಖಾಲಿ ಜಾಗ ಇರುತ್ತೆ ನೋಡಿ, ಅಲ್ಲಿ ಎಷ್ಟೋ ಮನೆಗಳಿಗೆ ಸಿಗೋದು ಅಜ್ಜಿಯ ತಿಥಿಯೊಂದೇ.

ಈ ಭಾನುವಾರ ಅಜ್ಜಿಗೆ ಫೋನ್ ಮಾಡಿ. ರೆಕಾರ್ಡ್ ಹಾಕ್ಕೊಳ್ಳಿ. ಯಾವ ಸಂವತ್ಸರ ಸಿಕ್ತು ಅಂತ ಕಾಮೆಂಟಲ್ಲಿ ಹಾಕಿ, ಇಸವಿ ಲೆಕ್ಕ ಹಾಕೋಣ.