ಊರು ತೊಳೆದವರು ನಾವು, ಆರೋಗ್ಯದ ಪದವಿ ಯಾರಿಗೆ?



ಎಂಪಿಎಚ್ ಅಂದ್ರೇನು ಅಂತ ನಮ್ಮ ಕೇರಿ ಹುಡುಗರನ್ನ ಕೇಳಿ ನೋಡಿ, ಹೆಚ್ಚಿನವರಿಗೆ ಗೊತ್ತಿಲ್ಲ. ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಯಾವ ಊರಿಗೆ ಆಸ್ಪತ್ರೆ, ಯಾವ ಕೇರಿಗೆ ಚರಂಡಿ, ಯಾವ ಕಾಯಿಲೆಗೆ ಎಷ್ಟು ದುಡ್ಡು ಅಂತ ತೀರ್ಮಾನ ಆಗೋ ಮೇಜಿನ ಮುಂದೆ ಕೂರೋರು ಇದನ್ನ ಓದಿರ್ತಾರೆ. ನಾನು ಬಿ.ಎ. ಮುಗಿಸಿ ಆಫೀಸಲ್ಲಿ ಫೈಲ್ ಹೊರೋ ಗುಮಾಸ್ತ. ಆದ್ರೂ ಈ ಓದಿನ ಚರಿತ್ರೆ ನಮಗೆ ಗೊತ್ತಿರಬೇಕು ಅಂತ ಬರೀತಿದ್ದೀನಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದಾದ ಮೇಲೆ ಬಸವನಗುಡಿ, ಮಲ್ಲೇಶ್ವರ ಅಗಲ ರಸ್ತೆಗಳ ಬಡಾವಣೆಗಳಾಗಿ ಬೆಳೆದವು. ಗಾಳಿ ಬೆಳಕು ಇದ್ದರೆ ಆರೋಗ್ಯ ಅನ್ನೋ ಪಾಠವನ್ನ ಸರ್ಕಾರ ಕಲಿತಿತು. ಆ ಊರಿನ ಕಸ, ಮಲ ತೆಗೆದವರ ಕೇರಿಗೆ ಆ ಪಾಠ ತಲುಪಲಿಲ್ಲ. ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸೋಕೆ ಎಪ್ಪತ್ತರ ದಶಕದಲ್ಲಿ ನಮ್ಮವರೇ ಆದ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಬೇಕಾಯ್ತು.

ಓದಿನ ಕಥೆಗೆ ಬರೋಣ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರಾಕ್‌ಫೆಲರ್ ದುಡ್ಡಲ್ಲಿ ಸಾರ್ವಜನಿಕ ಆರೋಗ್ಯದ ಶಾಲೆ ಸ್ಥಾಪನೆ ಆಯ್ತು. ಅದೇ ದುಡ್ಡಿನ ನೆರವಲ್ಲಿ 1932ರಲ್ಲಿ ಕಲ್ಕತ್ತಾದಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಶುರುವಾಯ್ತು. 1946ರಲ್ಲಿ ಭೋರ್ ಸಮಿತಿ ವರದಿ ಬಂತು: ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ. 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಒಳ್ಳೇದೇ. ಆದ್ರೆ ಬಹುಕಾಲ ಈ ಓದಿನ ಬಾಗಿಲು ಹೆಚ್ಚಾಗಿ ಡಾಕ್ಟರುಗಳಿಗೆ ಮಾತ್ರ. ಎಂಬಿಬಿಎಸ್ ಬಾಗಿಲನ್ನೇ ದಾಟೋಕಾಗದವರು ಅದರಾಚೆ ಬಾಗಿಲಿಗೆ ಹೋಗೋದೆಲ್ಲಿ?

ಈಗ ಹಲವು ಕಡೆ ಯಾವುದೇ ಪದವಿ ಇದ್ದವರೂ ಎಂಪಿಎಚ್ ಓದಬಹುದು. ಬಿ.ಎ. ಆದವರೂ. ಇದು ನಿಮಗೆ ಗೊತ್ತಿರಲಿ.

ಆದ್ರೆ ಫೀಸು? ಬಾಬಾಸಾಹೇಬರು 1942ರಲ್ಲಿ ವೈಸರಾಯ್‌ಗೆ ಮನವಿ ಬರೆದು ನಮ್ಮ ಮಕ್ಕಳ ಉನ್ನತ ಓದಿಗೆ ದುಡ್ಡು ಕೇಳಿದ್ರು. 1944ರಲ್ಲಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಯ್ತು. ಅದೇ ಸ್ಕಾಲರ್‌ಶಿಪ್ ಪಡೆಯೋ ದಲಿತ, ಆದಿವಾಸಿ ವಿದ್ಯಾರ್ಥಿಗಳು ಫೀಸ್ ವಿನಾಯಿತಿ ಕಿತ್ತುಕೊಂಡದ್ದರ ವಿರುದ್ಧ 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಯಾಂಪಸ್‌ಗಳಲ್ಲಿ ಧರಣಿ ಕೂತ್ರು. ಎಂಪಿಎಚ್ ಕಲಿಸೋ ದೊಡ್ಡ ಸಂಸ್ಥೆಗಳಲ್ಲಿ ಅದೂ ಒಂದು. ಐವತ್ತರ ದಶಕದಿಂದ ಇರೋ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮವನ್ನ 2022ರಲ್ಲಿ ಬದಲಿಸಿ, ಭಾರತದ ಚರಿತ್ರೆ, ಸಂಸ್ಕೃತಿ, ಸಮಾಜದ ಬಗ್ಗೆ ಸಂಶೋಧನೆ ಮಾಡೋರಿಗೆ ಇಲ್ಲ ಅಂದ್ರು. ಜಾತಿಗೂ ಕಾಯಿಲೆಗೂ ಇರೋ ಸಂಬಂಧ ಓದ್ತೀನಿ ಅನ್ನೋ ಹುಡುಗಿ ಈಗ ಏನು ಮಾಡಬೇಕು?

ಡಿಗ್ರಿ ಇಲ್ಲದೆಯೂ ನಮ್ಮವರು ಸಂಶೋಧನೆ ಮಾಡಿದ್ದಾರೆ, ಮರೀಬೇಡಿ. ಕೆಜಿಎಫ್‌ನ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದ ಸಂಗಾತಿಗಳು ಊರೂರು ಸುತ್ತಿ ಒಣ ಪಾಯಿಖಾನೆಗಳ ಫೋಟೋ, ದಾಖಲೆ ಕೂಡಿಸಿದ್ರು. ಮಲ ಹೊರೋರೇ ಇಲ್ಲ ಅಂತಿದ್ದ ಸರ್ಕಾರಗಳನ್ನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಎಳೆದ್ರು. 2014ರ ತೀರ್ಪಲ್ಲಿ ಮ್ಯಾನ್‌ಹೋಲ್‌ನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಅಂತಾಯ್ತು. 2023ರಲ್ಲಿ ಕೋರ್ಟ್ ಅದನ್ನ 30 ಲಕ್ಷಕ್ಕೆ ಏರಿಸಿತು. ನಮ್ಮ ಸಾವನ್ನ ನಾವೇ ಎಣಿಸಿದಾಗ ಮಾತ್ರ ಲೆಕ್ಕಕ್ಕೆ ಬಂತು.

ಇನ್ನು ಎಣಿಸೋರು, ನೀತಿ ಬರೆಯೋರು ಎರಡೂ ನಮ್ಮ ಮಕ್ಕಳೇ ಆಗಲಿ. ಪೌರಕಾರ್ಮಿಕರ ಮನೇಲಿ ಡಿಗ್ರಿ ಮುಗಿಸಿದವರಿದ್ರೆ ಈ ಓದಿನ ಬಗ್ಗೆ ಇವತ್ತೇ ಹೇಳಿ. ಅರ್ಜಿ, ಜಾತಿ ಪ್ರಮಾಣಪತ್ರ, ಆದಾಯ ಪತ್ರದ ಓಡಾಟಕ್ಕೆ ನನ್ನಂಥ ಗುಮಾಸ್ತರು ಇದ್ದೀವಿ. ಮೆಸೇಜ್ ಹಾಕಿ.

ಜೈ ಭೀಮ್.